ಜೋಳದ್ದಾ, ಗೋಧಿಯದ್ದಾ? ಕುಚ್ಲಕ್ಕಿಯಾ, ಬೆಳ್ತಿಗೆಯಾ?

ಮೆಕ್ಸಿಕೋದಲ್ಲಿ ಟಾಕೊ ಮಾರುವ ಸಣ್ಣ ಅಂಗಡಿಗೆ ಟಾಕೇರಿಯಾ ಅಂತ ಹೆಸರು. ಅಲ್ಲಿ, ಅದರಲ್ಲೂ ದೇಶದ ಉತ್ತರ ಭಾಗದಲ್ಲಿ, ಆರ್ಡರ್ ಕೊಟ್ಟ ಕೂಡಲೇ ಒಂದು ಪ್ರಶ್ನೆ ಬರ್ತದೆ: ಜೋಳದ್ದಾ, ಗೋಧಿಯದ್ದಾ? ಒಳಗಿನ ಮಾಂಸ ಯಾವುದೇ ಇರಲಿ, ಅದನ್ನು ಸುತ್ತುವ ರೊಟ್ಟಿ ಯಾವುದು ಬೇಕು ಅಂತ. ಈಗ ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರವೋ, ಬೈಂದೂರು ಪೇಟೆಯಲ್ಲೋ, ಬ್ರಹ್ಮಾವರದಲ್ಲೋ ಒಂದು ಮೀನೂಟದ ಹೋಟೆಲಿಗೆ ಹೋಗಿ ಕೂತ್ಕೊಳ್ಳಿ. ಬಾಳೆಎಲೆ ಹಾಕುವ ಮೊದಲೇ ಸಪ್ಲೈಯರ್ ಕೇಳ್ತಾನೆ: ಕುಚ್ಲಕ್ಕಿಯಾ, ಬೆಳ್ತಿಗೆಯಾ?

ಎರಡೂ ಒಂದೇ ಜಾತಿಯ ಪ್ರಶ್ನೆ. ನಾವು ನಾಲಿಗೆ ಹೇಳಿದ ಹಾಗೆ ಉತ್ತರ ಕೊಟ್ಟು ಮೊಬೈಲ್ ನೋಡ್ತಾ ಕೂತ್ಕೊಳ್ತೇವೆ. ಆದರೆ ಎರಡರ ಹಿಂದೆಯೂ ಒಂದೊಂದು ತಂತ್ರಜ್ಞಾನ ಇದೆ, ಆ ತಂತ್ರಜ್ಞಾನ ಕೈಬಿಟ್ಟಾಗ ಲಕ್ಷಗಟ್ಟಲೆ ಜನ ಕಾಯಿಲೆ ಬಿದ್ದ ಚರಿತ್ರೆ ಇದೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಸುಣ್ಣದ ನೀರು, ಪಿಎಚ್ ಅಂತೆಲ್ಲ ಓದಿ ಪರೀಕ್ಷೆ ಬರೆದು ಮರೆತವರಿಗೆ ಈ ಲೇಖನ. ಆ ಪಾಠವೇ ಊಟದ ತಟ್ಟೆಯಲ್ಲಿ ಸಿಗ್ತದೆ.

ಮೊದಲು ಟಾಕೊ ಅಂದರೆ ಏನು ಅಂತ ಸರಿ ಮಾಡ್ಕೊಳ್ಳುವ. ನಮ್ಮಲ್ಲಿ ಹೆಚ್ಚಿನವರು ನೋಡಿದ್ದು ಮಾಲ್‌ನಲ್ಲಿ ಸಿಗುವ, ಕರಿದು ಗಟ್ಟಿ ಮಾಡಿದ, ದೋಣಿಯ ಹಾಗೆ ಮಡಚಿದ ಟಾಕೊ. ಟ್ಯಾಕೊ ಬೆಲ್ ಕಂಪನಿ ಭಾರತದ ತನ್ನ ಮೊದಲ ಅಂಗಡಿಯನ್ನು 2010ರಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಆ ಕಂಪನಿ ಅಮೆರಿಕದ್ದು, 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ಲೆನ್ ಬೆಲ್ ಅನ್ನುವವರು ಶುರು ಮಾಡಿದ್ದು. ಮೆಕ್ಸಿಕೋದ ಟಾಕೇರಿಯಾದಲ್ಲಿ ಸಿಗುವುದು ಬೇರೆ. ಅಂಗೈ ಅಗಲದ ಮೆತ್ತನೆಯ ಜೋಳದ ರೊಟ್ಟಿ, ಅದರ ಹೆಸರು ಟೋರ್ಟಿಯಾ. ಹಲವು ಕಡೆ ಎರಡನ್ನು ಒಂದರ ಮೇಲೊಂದು ಇಡ್ತಾರೆ, ಕೆಳಗಿನದ್ದು ಹರಿದರೂ ಕೈಗೆ ಸಾರು ಸುರಿಯಬಾರದು ಅಂತ. ಅದರ ಮೇಲೆ ಸ್ವಲ್ಪ ಮಾಂಸ, ಸಣ್ಣಗೆ ಹೆಚ್ಚಿದ ನೀರುಳ್ಳಿ, ಕೊತ್ತಂಬರಿ ಸೊಪ್ಪು. ಪಕ್ಕದಲ್ಲಿ ಲಿಂಬೆಹೋಳು, ಮೆಣಸಿನ ಚಟ್ನಿ, ಅದಕ್ಕೆ ಅವರು ಸಾಲ್ಸಾ ಅಂತಾರೆ. ‘ಕೋನ್ ತೋದೋ’ ಅಂದರೆ ‘ಎಲ್ಲಾ ಹಾಕಿ’ ಅಂತ ಅರ್ಥ. ಎರಡು ತುತ್ತಿಗೆ ಒಂದು ಟಾಕೊ ಮುಗೀತದೆ. ಎಷ್ಟೋ ಅಂಗಡಿಗಳಲ್ಲಿ ನಿಂತುಕೊಂಡೇ ತಿಂದು, ಕೊನೆಗೆ ಎಷ್ಟು ತಿಂದೆ ಅಂತ ತಾವೇ ಲೆಕ್ಕ ಹೇಳಿ ದುಡ್ಡು ಕೊಡುವುದು. ನಮ್ಮ ಗೂಡಂಗಡಿಯಲ್ಲಿ ‘ಎರಡು ಬನ್ಸ್, ಒಂದು ಚಾ’ ಅಂತ ಹೇಳುವ ಹಾಗೆಯೇ.

ಇಂಥದ್ದೇ ಒಂದು ಪುಟ್ಟ ಅಂಗಡಿ ಮೆಕ್ಸಿಕೋ ಸಿಟಿಯ ಎಲ್ ಕಲೀಫಾ ದೆ ಲೆಯೋನ್. 1968ರಿಂದ ನಡೀತಾ ಇದೆ. ಕುರ್ಚಿ ಮೇಜು ಹಾಕುವಷ್ಟು ಜಾಗ ಇಲ್ಲ. 2024ರಲ್ಲಿ ಮಿಶಲಿನ್ ಗೈಡ್ ಇದಕ್ಕೆ ಒಂದು ಸ್ಟಾರ್ ಕೊಟ್ಟಾಗ ಜಗತ್ತೆಲ್ಲ ಆಶ್ಚರ್ಯಪಟ್ಟಿತು. ನಂಗೆ ಆಶ್ಚರ್ಯ ಆಗಲಿಲ್ಲ. ಕುಂದಾಪುರದವರಿಗೆ ಗೊತ್ತು, ಒಳ್ಳೆ ಅಡುಗೆಗೂ ಏಸಿಗೂ ಸಂಬಂಧ ಇಲ್ಲ. ಇವತ್ತು ದೇಶ ತುಂಬ ಹೆಸರಾದ ಚಿಕನ್ ಘೀ ರೋಸ್ಟ್ ಹುಟ್ಟಿದ್ದು ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನಲ್ಲಿ ಅಂತ ಊರವರು ಹೇಳ್ತಾರೆ. ಅದೂ ಊರಿನ ಸಾದಾ ಊಟದ ಹೋಟೆಲೇ.

ನಮ್ಮ ಮೀನೂಟದ ಹೋಟೆಲಿನ ಕ್ರಮ ಗೊತ್ತಿಲ್ಲದ ಬೇರೆ ಊರಿನ ಸಹಪಾಠಿಗಳಿಗಾಗಿ ಸ್ವಲ್ಪ ಹೇಳ್ತೇನೆ. ಮೆನು ಕಾರ್ಡ್ ಕೇಳಬೇಡಿ. ‘ಹ್ವಾಯ್, ಮೀನ್ ಎಂತ ಇತ್ತ್?’ ಅಂತ ಕೇಳಿ. ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಅಂದರೆ ಈಗ ಇದೆ ಅಂತ, ಮುಗಿದು ಹೋಗಿದೆ ಅಂತಲ್ಲ. ಹಾಸನದ ನನ್ನ ರೂಮ್‌ಮೇಟ್ ‘ಬಂಗ್ಡೆ ಇತ್ತ್’ ಅಂದದ್ದು ಕೇಳಿ ಖಾಲಿ ಆಯ್ತು ಅಂದುಕೊಂಡು ಬರೀ ಸಾರಲ್ಲಿ ಊಟ ಮಾಡಿ ಎದ್ದಿದ್ದ! ಬಂಗ್ಡೆ, ಬೈಗೆ, ಕಾಣೆ, ಚಟ್ಲಿ, ಆ ದಿನ ಏನು ಬಂದಿದೆಯೋ ಅದೇ ಮೆನು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಪಟ್ಟಿ ಚಿಕ್ಕದಾಗ್ತದೆ, ರೇಟು ಉದ್ದ ಆಗ್ತದೆ. ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ತೀರದಲ್ಲೂ ಎನ್ಸೆನಾಡಾ ಅಂತ ಒಂದು ಬಂದರು ಇದೆ. ಅಲ್ಲಿ ಟಾಕೊ ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ಮೇಲೆ ಹೆಚ್ಚಿದ ಕ್ಯಾಬೇಜ್. ಗಂಗೊಳ್ಳಿಯವರನ್ನು ಅಲ್ಲಿ ಬಿಟ್ಟರೆ ಎರಡು ದಿನದಲ್ಲಿ ಹೊಂದಿಕೊಳ್ತಾರೆ. ಕೋರಿ ರೊಟ್ಟಿಗೂ ಅಲ್ಲಿ ನೆಂಟರಿದ್ದಾರೆ. ಹಳಸಲು ಟೋರ್ಟಿಯಾವನ್ನು ಕರಿದು ಗರಿಗರಿ ಮಾಡಿ ಮೆಣಸಿನ ಗೊಜ್ಜಿನಲ್ಲಿ ನೆನೆಸಿ ತಿನ್ನುವುದಕ್ಕೆ ಚಿಲಾಕಿಲೆಸ್ ಅಂತಾರೆ.

ಈಗ ಮುಖ್ಯ ವಿಷಯ, ರೊಟ್ಟಿ.

ಒಣಗಿದ ಮೆಕ್ಕೆಜೋಳವನ್ನು ಹಾಗೇ ಬೀಸಿ ಹಿಟ್ಟು ಮಾಡಿ ನೀರು ಹಾಕಿ ಕಲಸಿ ನೋಡಿ. ಹಿಟ್ಟು ಒಗ್ಗೂಡುವುದಿಲ್ಲ, ತಟ್ಟಿದರೆ ಅಂಚು ಬಿರಿಯುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಹಾಗಾದ್ರೆ ಟೋರ್ಟಿಯಾ ಮಡಚಿದರೂ ತುಂಡಾಗದೆ ಇರುವುದು ಹೇಗೆ? ಉತ್ತರ ಸುಣ್ಣ. ಎಲೆಅಡಿಕೆಗೆ ಹಾಕುವ ಅದೇ ಸುಣ್ಣ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೋಳದ ತೂಕದ ಸುಮಾರು ನೂರರಲ್ಲಿ ಒಂದು ಪಾಲು ಸುಣ್ಣವನ್ನು ನೀರಿಗೆ ಹಾಕಿ, ಅದರಲ್ಲಿ ಕಾಳನ್ನು ಬೇಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಚೆನ್ನಾಗಿ ತೊಳೆದು ರುಬ್ಬುತ್ತಾರೆ. ಹೀಗೆ ಆದ ಕಾಳಿಗೆ ನಿಶ್ತಮಾಲ್ ಅಂತ ಹೆಸರು. ಅಲ್ಲಿನ ಮೂಲನಿವಾಸಿಗಳ ನಹುವಾ ಭಾಷೆಯಲ್ಲಿ ಬೂದಿ ಮತ್ತು ಬೇಯಿಸಿದ ಹಿಟ್ಟು ಅನ್ನುವ ಎರಡು ಪದ ಸೇರಿ ಆದ ಪದ. ಸುಣ್ಣ ಸಿಗದ ಕಡೆ ಸೌದೆ ಬೂದಿ ಬಳಸ್ತಿದ್ದರು, ಅದೂ ಕ್ಷಾರವೇ. ಈ ಕ್ರಮಕ್ಕೆ 3000 ವರ್ಷಕ್ಕಿಂತ ಹೆಚ್ಚು ವಯಸ್ಸು.

ಪಾತ್ರೆಯೊಳಗೆ ನಡೆಯುವುದು ಇಷ್ಟು. ಕಾಳಿನ ಹೊರಸಿಪ್ಪೆಯನ್ನು ಅಂಟಿಸಿ ಹಿಡಿದಿರುವ ಹೆಮಿಸೆಲ್ಯುಲೋಸ್ ಕ್ಷಾರದಲ್ಲಿ ಕರಗುತ್ತದೆ, ಸಿಪ್ಪೆ ಜಾರಿ ಹೋಗ್ತದೆ. ಹೊರಪದರದ ಪಿಷ್ಟ ಸ್ವಲ್ಪ ಬೆಂದು ಅಂಟಾಗ್ತದೆ. ಕ್ಯಾಲ್ಸಿಯಂ ಒಳಗೆ ಸೇರಿ ಹಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಜೊತೆಗೆ ತಿಂದವರ ಮೂಳೆಗೂ ಸಿಗ್ತದೆ. ಬೂಷ್ಟಿನಿಂದ ಬರುವ ಕೆಲವು ವಿಷಗಳೂ ಕಡಿಮೆ ಆಗ್ತವೆ. ಆದರೆ ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಜೋಳದಲ್ಲಿ ನಿಯಾಸಿನ್, ಅಂದರೆ ಬಿ3 ಜೀವಸತ್ವ ಇರುತ್ತದೆ, ಆದರೆ ಬೇರೆ ಅಣುಗಳಿಗೆ ಕಟ್ಟಿಹಾಕಿದ ಸ್ಥಿತಿಯಲ್ಲಿ. ನಮ್ಮ ಹೊಟ್ಟೆಗೆ ಆ ಗಂಟು ಬಿಚ್ಚಲು ಬರುವುದಿಲ್ಲ. ಸುಣ್ಣದ ನೀರು ಬಿಚ್ಚುತ್ತದೆ.

ಇದನ್ನು ಕಂಡುಹಿಡಿದವರಿಗೆ ನಿಯಾಸಿನ್ ಗೊತ್ತಿರಲಿಲ್ಲ. ರೊಟ್ಟಿ ಒಡೆಯಬಾರದು, ಸಿಪ್ಪೆ ಸುಲಭವಾಗಿ ಹೋಗಬೇಕು ಅಂತ ಮಾಡಿರಬಹುದು ಅಂತ ನನ್ನ ಅಂದಾಜು. ಯಾಕೇ ಮಾಡಿರಲಿ, ಕೆಲಸ ಆಯ್ತು.

ಸ್ಪೇನಿನವರು ಅಮೆರಿಕಕ್ಕೆ ಹೋಗಿ ಬಂದ ಮೇಲೆ ಜೋಳ ಯುರೋಪಿಗೆ ಬಂತು. ಹಡಗಿನಲ್ಲಿ ಬಂದದ್ದು ಬೀಜ ಮಾತ್ರ. ಆ ಬೀಜವನ್ನು ಸುಣ್ಣ ಹಾಕಿ ಬೇಯಿಸಿ ರುಬ್ಬುತ್ತಿದ್ದ ಹೆಂಗಸರು ಬರಲಿಲ್ಲ, ಅವರ ಕ್ರಮವೂ ಬರಲಿಲ್ಲ. ಯುರೋಪಿನ ಬಡ ರೈತರು ಜೋಳವನ್ನು ಹಾಗೇ ಬೀಸಿ ಗಂಜಿ ಮಾಡಿ ಉಂಡರು. ಎಲ್ಲೆಲ್ಲಿ ಜೋಳವೇ ಮುಖ್ಯ ಆಹಾರ ಆಯ್ತೋ ಅಲ್ಲೆಲ್ಲ ಒಂದು ಹೊಸ ಕಾಯಿಲೆ ಶುರುವಾಯ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ, ಸಾವು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಸಾಲ್ ಇದನ್ನು ಗುರುತಿಸಿದರು. ಇಟಲಿಯವರು ಕೊಟ್ಟ ಪೆಲಾಗ್ರಾ ಅನ್ನುವ ಹೆಸರು ಉಳಿಯಿತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುಮಾರು 30 ಲಕ್ಷ ಜನರಿಗೆ ಪೆಲಾಗ್ರಾ ಬಂದು, ಸುಮಾರು 1 ಲಕ್ಷ ಜನ ಸತ್ತರು. ಅದು ಅಂಟುರೋಗ ಅಂತಲೇ ತುಂಬ ಜನ ನಂಬಿದ್ದರು. ಊಟದ ಕೊರತೆಯಿಂದ ಬರುವುದು ಅಂತ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಪ್ರಯೋಗ ಮಾಡಿ ತೋರಿಸಿದರೂ ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಗುಣಪಡಿಸುವ ವಸ್ತು ನಿಯಾಸಿನ್ ಅಂತ ಗೊತ್ತಾದದ್ದು 1937ರಲ್ಲಿ. ಇಷ್ಟೂ ಕಾಲ ಮೆಕ್ಸಿಕೋದ ಹಳ್ಳಿಗಳಲ್ಲಿ ಅದೇ ಜೋಳ ತಿಂದುಕೊಂಡಿದ್ದವರು ಈ ಕಾಯಿಲೆಯಿಂದ ಹೆಚ್ಚು ಕಡಿಮೆ ದೂರವೇ ಇದ್ದರು.

ಈಗ ನಮ್ಮ ಎಲೆಗೆ ಬರುವ. ಕುಚ್ಲಕ್ಕಿ ಅಂದರೆ ಕುದಿಸಿದ ಅಕ್ಕಿ. ಕರಾವಳಿಯಲ್ಲಿ ಹುಟ್ಟಿದವರಿಗೆ ವಿವರಿಸಬೇಕಾಗಿಲ್ಲ, ಆದರೆ ಹಾಸ್ಟೆಲಿನಲ್ಲಿ ಅರ್ಧಕ್ಕರ್ಧ ಜನ ಅದನ್ನು ‘ದಪ್ಪ ಅಕ್ಕಿ’ ಅಂದುಕೊಂಡಿದ್ದಾರೆ. ದಪ್ಪಕ್ಕೂ ಅದಕ್ಕೂ ಸಂಬಂಧ ಇಲ್ಲ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಕುದಿಸಿ, ಅಂಗಳದಲ್ಲಿ ಹರಡಿ ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದರೆ ಕುಚ್ಲಕ್ಕಿ. ಕುದಿಸದೆ ಮಿಲ್ಲಿಗೆ ಹಾಕಿದರೆ ಬೆಳ್ತಿಗೆ. ಒಂದೇ ಗದ್ದೆಯ ಭತ್ತದಿಂದ ಎರಡನ್ನೂ ಮಾಡಬಹುದು. ನಮ್ಮ ಅಜ್ಜಿ ಮನೆಯಲ್ಲಿ ಭತ್ತ ಬೇಯಿಸುವ ದೊಡ್ಡ ಹಂಡೆ ಈಗಲೂ ಇದೆ, ಅದರಲ್ಲಿ ಈಗ ಮಳೆನೀರು ಹಿಡೀತಾರೆ. ಭತ್ತ ಬೇಯುವಾಗ ಬರುವ ವಾಸನೆ ಊರಿಗೆಲ್ಲ ಹೋಗ್ತಿತ್ತಂತೆ, ಒಣ ಹಾಕಿದ ಮೇಲೆ ಕಾಗೆ ಕೋಳಿ ಓಡಿಸುವ ಕೆಲಸ ಮಕ್ಕಳದ್ದು.

ಕುದಿಸುವಾಗ ಆಗುವುದು ಇದು. ಬಿ1 ಜೀವಸತ್ವ, ಥಯಾಮಿನ್, ನೀರಿನಲ್ಲಿ ಕರಗುವಂಥದ್ದು. ಅದು ಹೆಚ್ಚಾಗಿ ಇರುವುದು ಹೊರಗಿನ ತೌಡಿನಲ್ಲಿ. ಭತ್ತ ನೆನೆದು ಬೇಯುವಾಗ ಅದು ಕರಗಿ ಒಳಗಿನ ಪಿಷ್ಟಕ್ಕೆ ಇಳಿಯುತ್ತದೆ. ಪಿಷ್ಟ ಬೆಂದು, ಒಣಗಿದಾಗ ಗಾಜಿನ ಹಾಗೆ ಗಟ್ಟಿಯಾಗಿ ಅದನ್ನು ಒಳಗೇ ಹಿಡಿದಿಡುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಉಜ್ಜಿ ತೆಗೆದರೂ ಒಂದು ಪಾಲು ಅಕ್ಕಿಯಲ್ಲಿ ಉಳಿಯುತ್ತದೆ. ಕಾಳು ಗಟ್ಟಿ ಆಗುವುದರಿಂದ ನುಚ್ಚೂ ಕಡಿಮೆ. ಬೆಳ್ತಿಗೆಯಲ್ಲಿ ತೌಡಿನ ಜೊತೆ ಬಿ1 ಕೂಡ ದನದ ಕೊಟ್ಟಿಗೆಗೆ ಹೋಗ್ತದೆ.

ಇದರ ಚರಿತ್ರೆಯೂ ಜೋಳದ್ದೇ ಅಚ್ಚು. 19ನೇ ಶತಮಾನದಲ್ಲಿ ಏಷ್ಯಾಕ್ಕೆ ಉಗಿಯಂತ್ರದ ಅಕ್ಕಿ ಮಿಲ್ಲುಗಳು ಬಂದವು. ಬೆಳ್ಳಗೆ ಹೊಳೆಯುವ ಅಕ್ಕಿ ಅಗ್ಗವಾಗಿ ಸಿಗತೊಡಗಿತು. ಅದನ್ನೇ ಉಣ್ಣುವ ಸೈನಿಕರು, ಕೈದಿಗಳು, ಕೂಲಿಗಳಲ್ಲಿ ಬೆರಿಬೆರಿ ಹೆಚ್ಚಿತು: ಕಾಲಿನ ಶಕ್ತಿ ಹೋಗುವುದು, ಊತ, ಹೃದಯ ನಿಲ್ಲುವುದು. 1890ರ ದಶಕದಲ್ಲಿ ಜಾವಾದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಕಾಯಿಲೆಯ ರೋಗಾಣು ಹುಡುಕುತ್ತಿದ್ದರು. ಅವರ ಪ್ರಯೋಗದ ಕೋಳಿಗಳು ಇದ್ದಕ್ಕಿದ್ದ ಹಾಗೆ ಕಾಲು ಸೋತು ಬಿದ್ದವು, ಸ್ವಲ್ಪ ಸಮಯದ ಮೇಲೆ ತಾವಾಗಿಯೇ ಎದ್ದು ಓಡಾಡಿದವು. ವಿಚಾರಿಸಿದಾಗ ಗೊತ್ತಾದದ್ದು: ಮೊದಲು ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ‘ಮಿಲಿಟರಿ ಅನ್ನ ಸಿವಿಲಿಯನ್ ಕೋಳಿಗೆ ಕೊಡುವುದಿಲ್ಲ’ ಅಂತ ನಿಲ್ಲಿಸಿಬಿಟ್ಟ, ಅವಕ್ಕೆ ಪಾಲಿಶ್ ಮಾಡದ ಅಕ್ಕಿ ಬಿತ್ತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಸಿಕ್ಕಿತು. ಅಡುಗೆಯವನಿಗೆ ಏನೂ ಸಿಗಲಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಮಲಯಾದ ವಿಷಯ. ಅಲ್ಲಿ ಕೆಲಸ ಮಾಡ್ತಿದ್ದ ಬ್ರಿಟಿಷ್ ವೈದ್ಯ ಬ್ರಾಡನ್ ಒಂದು ವ್ಯತ್ಯಾಸ ಗಮನಿಸಿ 1907ರಲ್ಲಿ ಪುಸ್ತಕ ಬರೆದರು. ಬೆಳ್ತಿಗೆ ಉಣ್ಣುವ ಚೀನೀ ಕೂಲಿಗಳಿಗೆ ಬೆರಿಬೆರಿ ಬರ್ತಿತ್ತು, ಅಲ್ಲೇ ದುಡಿಯುತ್ತಿದ್ದ ತಮಿಳು ಕೂಲಿಗಳಿಗೆ ಹೆಚ್ಚು ಕಡಿಮೆ ಬರ್ತಿರಲಿಲ್ಲ. ತಮಿಳರು ಉಣ್ಣುತ್ತಿದ್ದದ್ದು ಕುದಿಸಿದ ಅಕ್ಕಿ. ಊರು ಬಿಟ್ಟು ಸಮುದ್ರ ದಾಟಿ ಹೋಗುವಾಗ ಅವರು ಅಕ್ಕಿಯ ಜೊತೆ ಅಕ್ಕಿಯ ಕ್ರಮವನ್ನೂ ಕಟ್ಟಿಕೊಂಡು ಹೋಗಿದ್ದರು.

ಇಲ್ಲೇ ಇರುವುದು ವ್ಯತ್ಯಾಸ ಅಂತ ನನಗೆ ಕಾಣುತ್ತದೆ. ಬೀಜ ಒಂಟಿಯಾಗಿ ಹೋದರೆ ಅಪಾಯ, ಅಡುಗೆಯವರ ಜೊತೆ ಹೋದರೆ ಹಬ್ಬ. ಮೆಕ್ಸಿಕೋದಲ್ಲೇ ಉದಾಹರಣೆ ನೋಡಿ. ಲೆಬನಾನ್‌ನಿಂದ ವಲಸೆ ಬಂದವರು ತಮ್ಮ ಶವರ್ಮಾದ ಕಂಬಿಯನ್ನು ತಂದರು. ಅದಕ್ಕೆ ಅಲ್ಲಿನ ಹಂದಿಮಾಂಸ, ಒಣಮೆಣಸಿನ ಮಸಾಲೆ, ಅನಾನಸ್ ಸೇರಿ ಇವತ್ತಿನ ಪ್ರಸಿದ್ಧ ಅಲ್ ಪಾಸ್ತೋರ್ ಟಾಕೊ ಆಯ್ತು. ಆ ತಿರುಗುವ ಮಾಂಸದ ರಾಶಿಗೆ ಅವರು ಇಟ್ಟ ಹೆಸರು ‘ತ್ರೋಂಪೊ’, ಅಂದರೆ ಬುಗುರಿ. ನಮ್ಮಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂಟಿಆರ್ ಆದದ್ದು. ಪಾರಂಪಳ್ಳಿ ಈಗ ಬ್ರಹ್ಮಾವರ ತಾಲೂಕಿಗೆ ಸೇರಿದೆ. ಇಡ್ಲಿ ದೋಸೆ ದೇಶದೆಲ್ಲೆಡೆ ಸರಿಯಾಗಿ ಹುಳಿ ಬಂದದ್ದು ಇಲ್ಲಿಂದ ಹೋದ ಅಡುಗೆ ಭಟ್ಟರ ಕೈಯಿಂದ.

ಮೆಣಸು ಮಾತ್ರ ನಮಗೆ ಒಂಟಿಯಾಗಿಯೇ ಬಂತು. ಅದರ ತವರೂ ಮೆಕ್ಸಿಕೋ ಕಡೆಯೇ, ಪೋರ್ಚುಗೀಸರು 16ನೇ ಶತಮಾನದಲ್ಲಿ ಭಾರತಕ್ಕೆ ತಂದರು. ಅದೇ ಕಾಲದಲ್ಲಿ ಕುಂದಾಪುರ ಪಕ್ಕದ ಬಸ್ರೂರು ಬಂದರಿನಿಂದ ಪೋರ್ಚುಗೀಸರು ಅಕ್ಕಿ ಒಯ್ಯುತ್ತಿದ್ದರು. ಮೊದಲು ಖಾರಕ್ಕೆ ನಮಗಿದ್ದದ್ದು ಕಾಳುಮೆಣಸು. ಹೊಸದು ಬಂದಾಗ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದೆವು. ಅದೃಷ್ಟಕ್ಕೆ ಮೆಣಸು ಹೊಟ್ಟೆ ತುಂಬುವ ಆಹಾರ ಅಲ್ಲ, ಕ್ರಮ ಗೊತ್ತಿಲ್ಲದೆ ತಿಂದರೂ ಸಾಯುವುದಿಲ್ಲ, ಕಣ್ಣೀರು ಬರಬಹುದು ಅಷ್ಟೆ. ಘೀ ರೋಸ್ಟಿಗೆ ಬ್ಯಾಡಗಿಯನ್ನು ಬಣ್ಣಕ್ಕಾಗಿ ಹುರಿದು ಅರೆಯುವ ಹಾಗೆಯೇ ಅಲ್ ಪಾಸ್ತೋರ್‌ಗೆ ಅವರು ಖಾರ ಕಡಿಮೆಯ ಕೆಂಪು ಒಣಮೆಣಸನ್ನು ನೆನೆಸಿ ಅರೆಯುತ್ತಾರೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಮಸಾಲೆ ಕಲ್ಲಿಗೆ ಬಂದಿದ್ದೇವೆ.

ಇನ್ನು ಈಗಿನ ಮಾತು. ನಮ್ಮ ಜಿಲ್ಲೆಯಲ್ಲೇ ಕುಚ್ಲಕ್ಕಿ ಬಿಡುವವರು ಜಾಸ್ತಿ ಆಗ್ತಿದ್ದಾರೆ. ಹಾಸ್ಟೆಲ್ ಮೆಸ್‌ನಲ್ಲಿ ಬೆಳ್ತಿಗೆ ಮಾತ್ರ. ಫಂಕ್ಷನ್‌ಗಳಲ್ಲಿ ಕುಚ್ಲಕ್ಕಿ ಅನ್ನ ಕೊನೆಯ ಪಾತ್ರೆಯಲ್ಲಿ, ಕೇಳಿದವರಿಗೆ. ಬಿಳಿ ಇದ್ದದ್ದು ಮೇಲು ಅನ್ನುವ ಭಾವನೆ ಎಲ್ಲಿಂದಲೋ ಬಂದು ಕೂತಿದೆ. ಅದೇ ಹೊತ್ತಿಗೆ ರೇಷನ್ ಅಂಗಡಿಯಲ್ಲಿ ಕುಚ್ಲಕ್ಕಿ ಕೊಡಿ ಅಂತ ಕರಾವಳಿಯವರು ವರ್ಷಗಳಿಂದ ಕೇಳ್ತಾ ಬಂದಿದ್ದಾರೆ. ಅದನ್ನು ಬರೀ ನಾಲಿಗೆಯ ಹಠ ಅಂದುಕೊಳ್ಳುವವರಿದ್ದಾರೆ. ನಾಲಿಗೆಯದ್ದೂ ಹೌದು, ಆದರೆ ಮೂರು ಹೊತ್ತೂ ಅನ್ನವನ್ನೇ ನೆಚ್ಚಿಕೊಂಡ ಮನೆಗೆ ಅಕ್ಕಿ ಯಾವುದು ಅನ್ನುವುದು ಸಣ್ಣ ವಿಷಯ ಅಲ್ಲ. ಬೆಳ್ತಿಗೆ ಉಂಡ ಕೂಡಲೇ ಬೆರಿಬೆರಿ ಬರ್ತದೆ ಅಂತ ನಾನು ಹೆದರಿಸ್ತಿಲ್ಲ. ಬೇಳೆ, ಮೀನು, ಮೊಟ್ಟೆ, ತರಕಾರಿ ತಿನ್ನುವವರಿಗೆ ಬಿ1 ಬೇರೆ ದಾರಿಯಲ್ಲೂ ಸಿಗ್ತದೆ. ತಟ್ಟೆಯಲ್ಲಿ ಅನ್ನ ಜಾಸ್ತಿ, ಉಳಿದದ್ದು ಕಡಿಮೆ ಇರುವವರ ಮಾತು ನಾನು ಹೇಳ್ತಿರುವುದು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಕರಾವಳಿಯ ಗದ್ದೆಗೆ ಅಂತಲೇ ಸಹ್ಯಾದ್ರಿ ಕೆಂಪುಮುಕ್ತಿ ಅನ್ನುವ ಕೆಂಪಕ್ಕಿಯ ತಳಿ ಕೊಟ್ಟಿದೆ. ಬೆಳೆಯುವ ಕಡೆ ಕೆಲಸ ನಡೀತಿದೆ. ಉಣ್ಣುವ ಕಡೆ ನಾವು ಹೋಟೆಲಿನಲ್ಲಿ ಏನು ಉತ್ತರ ಕೊಡ್ತೇವೆ ಅನ್ನುವುದರ ಮೇಲೆ ಆ ಹೋಟೆಲಿನವರು ನಾಳೆ ಎಷ್ಟು ಕುಚ್ಲಕ್ಕಿ ನೆನೆಸ್ತಾರೆ ಅನ್ನುವುದು ನಿಂತಿದೆ.

ಕೊನೆಗೆ, ಟೋರ್ಟಿಯಾ ಮನೆಯಲ್ಲಿ ಮಾಡಿ ನೋಡಬೇಕು ಅನ್ನುವವರಿಗೆ. ಅರ್ಧ ಕೆಜಿ ಒಣ ಮೆಕ್ಕೆಜೋಳ ತನ್ನಿ. ಸ್ವೀಟ್ ಕಾರ್ನ್ ಆಗುವುದಿಲ್ಲ. 5 ಗ್ರಾಂನಷ್ಟು ತಿನ್ನುವ ಸುಣ್ಣ, ಎಲೆ ಅಂಗಡಿಯಲ್ಲಿ ಸಿಗುವ ಬಿಳಿಯದ್ದು. ಗೋಡೆಗೆ ಹೊಡೆಯುವ ಸುಣ್ಣ ಖಂಡಿತ ಬೇಡ. ಪಾತ್ರೆ ಸ್ಟೀಲಿನದ್ದೇ ಇರಲಿ, ಅಲ್ಯೂಮಿನಿಯಂ ಕ್ಷಾರದ ಜೊತೆ ಪ್ರತಿಕ್ರಿಯೆ ಮಾಡ್ತದೆ, ಇದು ಸಿಲಬಸ್‌ನಲ್ಲೇ ಇದೆ. ಎರಡು ಲೀಟರ್ ನೀರಿನಲ್ಲಿ ಸುಣ್ಣ ಕದಡಿ ಜೋಳ ಹಾಕಿ, ಮುಕ್ಕಾಲು ಗಂಟೆ ಕುದಿಸಿ, ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ನೀರು ಹಳದಿಯಾಗಿರುತ್ತದೆ, ಉಜ್ಜಿದರೆ ಸಿಪ್ಪೆ ಜಾರುತ್ತದೆ. ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಗ್ರೈಂಡರ್‌ನಲ್ಲಿ ಆದಷ್ಟು ಕಡಿಮೆ ನೀರು ಹಾಕಿ ರುಬ್ಬಿ, ಉಪ್ಪು ಸೇರಿಸಿ ಸ್ವಲ್ಪ ಹೊತ್ತು ಮುಚ್ಚಿಡಿ. ಸಣ್ಣ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಚಪ್ಪಟೆ ತಳದ ತಟ್ಟೆಯಿಂದ ಒತ್ತಿ, ಚೆನ್ನಾಗಿ ಕಾದ ಕಾವಲಿಗೆ ಹಾಕಿ. ಎಣ್ಣೆ ಬೇಡ. ನಾನು ಮಾಡುವಾಗ ಅಜ್ಜಿ ಬಾಗಿಲಲ್ಲಿ ನಿಂತು ‘ಜೋಳಕ್ಕೆ ಸುಣ್ಣ ಹಾಕುದಾ ಮಗಾ? ಎಲೆಅಡ್ಕಿ ಅಂದ್ಕಂಡ್ಯಾ?’ ಅಂತ ಕೇಳಿದ್ರು. ಆದರೆ ಉಬ್ಬಿದ ಮೊದಲ ರೊಟ್ಟಿ ಅವರೇ ತಿಂದದ್ದು.

ಒಳಗೆ ಹಾಕಲು ಬಂಗ್ಡೆ ಫ್ರೈ ಮುಳ್ಳು ಬಿಡಿಸಿದ್ದು, ನೀರುಳ್ಳಿ, ಲಿಂಬೆರಸ ಸಾಕು. ಜೂನ್ ತಿಂಗಳಲ್ಲಿ ಮಾಡುವುದಾದರೆ ಒಣಮೀನಿನ ಚಟ್ನಿ ಹಾಕಿ.